ಗೆಜ್ಜೆಯ ಪೆಟ್ಟು

“ಅವರು ಗೆಜ್ಜೆ ಬೀಸಿ ಹೊಡೆದದ್ದರಲ್ಲಿ ಹೋದ ಕಣ್ಣು ಇದು. ಅದನ್ನೂ ಬರೀತೀರಾ?” ಎಂದು ಆ ವೃದ್ಧೆ ಕೇಳಿದಾಗ ನನ್ನ ಪೆನ್ನು ನಿಂತುಹೋಯಿತು.

ತೀರಿಕೊಂಡ ಯಕ್ಷಗಾನ ಕಲಾವಿದರೊಬ್ಬರ ಜೀವನಚರಿತ್ರೆಯನ್ನು ನಮ್ಮ ಕನ್ನಡ ಸಂಘದ ಸಂಚಿಕೆಗೆ ಬರೆಯಲು, ನೆರೂಳದಲ್ಲಿ ಮಗನ ಮನೆಯಲ್ಲಿದ್ದ ಅವರ ಹೆಂಡತಿಯನ್ನು ಕಾಣಹೋಗಿದ್ದೆ. ಸ್ತ್ರೀವೇಷದಲ್ಲಿ ಆ ಕಲಾವಿದರು ಅತ್ತರೆ ಸಭೆಯೇ ಅಳುತ್ತಿತ್ತು.

“ಅಮ್ಮಾ, ಜಾನೇ ದೋ ನಾ, ಬಿಟ್ಟುಬಿಡು,” ಎಂದು ಮಗ ತಡೆದ.

“ಜಾರಿ ಬಿದ್ದೆ ಅಂತ ಎಲ್ಲರಿಗೂ ಸುಳ್ಳು ಹೇಳಿ ಸಾಕಾಗಿದೆ ಮಗಾ,” ಎಂದರು.

ನಾನು ಅದನ್ನೂ ಬರೆದೆ. ಸಂಘದವರು ಆ ಸಾಲು ತೆಗೆಯಿರಿ ಎಂದಾಗ ಲೇಖನವನ್ನೇ ಹಿಂದಕ್ಕೆ ಪಡೆದೆ. ಸಂಚಿಕೆಯಲ್ಲಿ ಕಲಾವಿದರ ಫೋಟೊ ಮಾತ್ರ ಬಂತು.

ಈಗ ಯಾರ ಜೀವನಚರಿತ್ರೆ ಓದುವಾಗಲೂ ‘ಪತ್ನಿಯ ಸಹಕಾರ ದೊಡ್ಡದು’ ಎಂಬ ಮಾತು ಬಂದರೆ ನನಗೆ ಮುಂದೆ ಓದಲಾಗುವುದಿಲ್ಲ.