ವಿಧವೆಯ ಗಂಡನನ್ನು ಎಬ್ಬಿಸಿದ್ದು

ಜುಮ್‌ಗಲ್‌ಬೆಕ್ ಮೇಷ್ಟ್ರು ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಆ ಬೇಸಿಗೆ ಬೆಟ್ಟದ ಮೇಲಿನ ಸೊಂಗ್-ಕೊಲ್ ಸರೋವರದ ಹುಲ್ಲುಗಾವಲಿಗೆ ಬಂದಾಗ ಹೆಂಡತಿ ಬುರ್ಮಾಕನ್ ಏಳು ಹೆಣ್ಣುಕುದುರೆ ತಂದಳು, ಇವರು ಅರ್ಧಕ್ಕೆ ನಿಂತ ಮೂರು ಕಾದಂಬರಿ ತಂದರು. ಒಂದರಲ್ಲಿ ಖಾನನ ಯುದ್ಧ, ಇನ್ನೊಂದರಲ್ಲಿ ಪತ್ತೇದಾರ, ಮೂರನೆಯದರಲ್ಲಿ ಒಬ್ಬ ವಿಧವೆ. ನಮ್ಮ ಗುಡಾರ ಪಕ್ಕದಲ್ಲೇ ಇದ್ದುದರಿಂದ ಮೂವರ ಕಾಟವೂ ನನಗೆ ತಪ್ಪಲಿಲ್ಲ.

ಬರೆಯುವ ಮುಂಚೆ ಧಾಟಿ ನಾಲಿಗೆಗೆ ಹತ್ತಬೇಕು ಎನ್ನುವುದು ಅವರ ಸಿದ್ಧಾಂತ. ಬೆಳಿಗ್ಗೆ ಖಾನ.

“ಎಲೈ ರಮಣಿ, ಪಾನೀಯವನ್ನು ತರುವಂಥವಳಾಗು!”

“ರಮಣಿ ಕೈಯೆಲ್ಲ ಸಗಣಿ. ಕೆಟಲ್ ಅಲ್ಲೇ ಇದೆ, ಬಗ್ಗಿಸ್ಕೊ ಮುದುಕಪ್ಪ.”

ಮಧ್ಯಾಹ್ನ ಪತ್ತೇದಾರ. ನಮ್ಮ ಗುಡಾರಕ್ಕೆ ನುಗ್ಗಿ, ಕಣ್ಣು ಕಿರಿದು ಮಾಡಿ, “ನಿನ್ನೆ ಸಂಜೆ ಐದಕ್ಕೆ ಎಲ್ಲಿದ್ದೆ ಸಯ್ರಾಗುಲ್?” ಅಂದರು.

“ನಿಮ್ಮನೇಲೇ ಇದ್ನಲ್ಲ ಮೇಷ್ಟ್ರೇ, ನೀವೇ ಕುದುರೆಹಾಲಿನ ಕುಮಿಸ್ ಕುಡಿಸಿದ್ರಿ.”

“ಹೂಂ… ಒಪ್ಕೊಂಡ್ಳು,” ಎಂದು ಬರೆದುಕೊಂಡು ಹೋದರು.

ಸಂಜೆ ವಿಧವೆ. ದಿನಕ್ಕೆ ಮೂರು ಸಲ ಆಳು ಬದಲಾಗಿ ಕೊನೆಗೆ ಬರವಣಿಗೆಯಲ್ಲೂ ಎಲ್ಲ ಕಲಸಿಹೋಯಿತು. ಹತ್ತು ಸಾವಿರ ಸವಾರರ ಮುಂದೆ ಖಾನ ಶತ್ರುವಿನ ಬೆರಳಚ್ಚು ಕೇಳಿದ. ವಿಧವೆಯಂತೂ, “ನನ್ನ ಹೃದಯದ ವಾಯವ್ಯ ಭಾಗದಲ್ಲಿ ಶೀತಮಾರುತ ಬೀಸುತ್ತಿದೆ, ಸರಾಸರಿ ಮಳೆ ಕಡಿಮೆ,” ಎಂದು ಅತ್ತಳು. ಓದಿ ಹೇಳಿದಾಗ ನಾನು ನಕ್ಕುಬಿಟ್ಟೆ. ಮೇಷ್ಟ್ರ ಮುಖ ಸಣ್ಣದಾಯಿತು. ಎರಡು ದಿನ ಪೆನ್ನು ಮುಟ್ಟಲಿಲ್ಲ.

ಮೂರನೆಯ ದಿನ ಬೂದು ಕುದುರೆ ಹಾಲಿನ ಬಕೆಟ್ ಒದ್ದು ಚೆಲ್ಲಿತು. ಬುರ್ಮಾಕನ್ ಸೊಂಟಕ್ಕೆ ಕೈಯಿಟ್ಟು ಶುರುಮಾಡಿದಳು: “ಒದಿ, ಇನ್ನೂ ಒದಿ! ನಾನ್ಯಾರು ನಿಂಗೆ? ಚಳೀಲಿ ಎದ್ದು ಬಂದ್ರೆ ಮುಖ ತಿರುಗಿಸ್ತೀಯ. ಹೋಗ್ತೀನಿ ಅಂದ್ರೆ ಹಿಂದೆ ಹಿಂದೆ ಬರ್ತೀಯ!”

ಕುದುರೆಮರಿಗಳನ್ನು ಕಟ್ಟಿದ ಹಗ್ಗದಾಚೆ ಕೂತು ಮೇಷ್ಟ್ರು ಗೀಚತೊಡಗಿದ್ದರು. ಬಕೆಟ್ ಎತ್ತಿಕೊಡಲೂ ಏಳಲಿಲ್ಲ.

ವಾರದ ಮೇಲೆ ಚಹಾಕ್ಕೆ ಕರೆದು ಓದಿದರು. ವಿಧವೆ ಗಂಡನ ಸಮಾಧಿಯ ಮುಂದೆ ನಿಂತು, “ನಾನ್ಯಾರು ನಿಂಗೆ?” ಎನ್ನುತ್ತಿದ್ದಳು. ಈ ಸಲ ನನಗೆ ನಗು ಬರಲಿಲ್ಲ. ಬುರ್ಮಾಕನ್ ಬಟ್ಟಲು ಕೆಳಗಿಟ್ಟಳು.

“ಇದು ನಾನು ಕುದುರೆಗೆ ಬೈದಿದ್ದು!”

“ಹೌದು,” ಎಂದರು ಮೇಷ್ಟ್ರು, ತಲೆ ತಗ್ಗಿಸಿ.

“ಬೈಗುಳ ಕದ್ದೆ, ಹಾಳಾಗ್ಲಿ. ಗಂಡನ್ನ ಯಾಕೆ ಸಾಯಿಸ್ದೆ?”

“ಬದುಕಿದ್ರೆ ಅವನು ಮಧ್ಯೆ ಬಾಯಿ ಹಾಕ್ತಾನಲ್ಲೇ.”

“ಹಾಕದ ಹಾಗೆ ನಾನು ನೋಡ್ಕೋತೀನಿ. ಎಬ್ಬಿಸು ಅವನ್ನ.”

ಎಬ್ಬಿಸಿದರು. ಹಿಮ ಬೀಳುವ ಮುನ್ನ ನಾವೆಲ್ಲ ಬೆಟ್ಟ ಇಳಿಯುವ ಹೊತ್ತಿಗೆ ಕಾದಂಬರಿ ಮುಗಿದಿತ್ತು. ಉಳಿದೆರಡರ ನೋಟ್‌ಬುಕ್ಕುಗಳನ್ನು ಅವರು ಮತ್ತೆ ತೆರೆಯಲೇ ಇಲ್ಲ. ಮುನ್ನೂರು ಪುಟಗಳಲ್ಲಿ ಆ ಗಂಡ ಮಾತಾಡುವುದು ಎರಡೇ ಸಲ. ಎರಡು ಸಲವೂ “ಸರಿ” ಅನ್ನುತ್ತಾನೆ. ಬುರ್ಮಾಕನ್ ಪ್ರಕಾರ ಅದರಲ್ಲಿ ಒಂದು ಹೆಚ್ಚಾಯಿತು.