ಸ್ಟೋರಿನಲ್ಲಿ ಕಲಿತ ಕುಣಿತ

ಓಟದಲ್ಲಿ ನಾನು ಯಾವತ್ತೂ ಹಿಂದೆ. ಹೈಸ್ಕೂಲಿನಲ್ಲಿ ಹುಡುಗಿಯರ ಖೋ-ಖೋ ತಂಡ ಆರಿಸುವಾಗ ಪಿ.ಟಿ. ಮಾಸ್ತರು ನನ್ನನ್ನು ಎರಡು ಸುತ್ತು ಓಡಿಸಿ, ಬಾಯಿಂದ ಸೀಟಿ ತೆಗೆದು, "ಬೆಲ್ ಹೊಡೆದ್ ಮೇಲೆ ಮನೆಗೆ ಹೋಗೋವಾಗ ಇದಕ್ಕಿಂತ ಜೋರಾಗಿ ಹೋಗ್ತೀಯಲ್ಲವ್ವಾ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಮೈ ಉರಿದುಹೋಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಆಗಾಗ ಹೇಳುತ್ತಿದ್ದಳು, ಸುಳ್ಳೇನಲ್ಲ.

ತೊಂಬತ್ತರ ದಶಕದ ನಡುಭಾಗ ಅದು. ಬಾಳ್ಳುಪೇಟೆಗೆ ಆಗಷ್ಟೇ ಕೇಬಲ್ ಟಿವಿ ಬಂದಿತ್ತು. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ನಮ್ಮದು ಎಸ್ಟೇಟ್ ಕ್ವಾರ್ಟರ್ಸು, ಅಲ್ಲಿಗೆ ಕೇಬಲ್ ಇರಲಿ, ಕರೆಂಟೇ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಮೇಲೆ ನಾನು ಹೈವೇ ಪಕ್ಕದಲ್ಲಿದ್ದ ಗೆಳತಿಯ ಮನೆಗೆ ಹೋಗುತ್ತಿದ್ದೆ. ಅವಳು ಅಬ್ಬಾ ಎಂದು ಕರೆಯುತ್ತಿದ್ದ ಅವಳ ತಂದೆ ಪ್ರೈವೇಟ್ ಬಸ್ಸಿನ ಡ್ರೈವರ್. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಒಂದು ಶನಿವಾರ ಅವರ ಟಿವಿಯಲ್ಲಿ ಯಾವುದೋ ದೂರದ ದೇಶದ ಆಟ ಬರುತ್ತಿತ್ತು. ಆಟ ಏನೆಂದು ನಮಗಿಬ್ಬರಿಗೂ ತಲೆಬುಡ ತಿಳಿಯಲಿಲ್ಲ. ಆದರೆ ಮೈದಾನದ ಅಂಚಿನಲ್ಲಿ ಒಂದು ಸಾಲು ಹುಡುಗಿಯರು ಎರಡೂ ಕೈಯಲ್ಲಿ ದೊಡ್ಡ ದೊಡ್ಡ ಕುಚ್ಚು ಹಿಡಿದು, ಎಲ್ಲರೂ ಒಟ್ಟಿಗೆ ಎಗರುತ್ತ, ಒಟ್ಟಿಗೆ ತಿರುಗುತ್ತ, ಕೂಗುತ್ತಿದ್ದರು. ಅವರು ಆಡುತ್ತಿರಲಿಲ್ಲ. ಆಡುವವರಿಗಾಗಿ ಕುಣಿಯುತ್ತಿದ್ದರು. ಅಂಥವರಿಗೆ ಚಿಯರ್ ಲೀಡರ್ ಅನ್ನುತ್ತಾರೆ ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆವತ್ತು ಮಾತ್ರ ನನಗೆ ಅನ್ನಿಸಿದ್ದು ಇಷ್ಟೇ: ಓಡಲು ಬಾರದವಳಿಗೂ ಮೈದಾನದಲ್ಲಿ ಒಂದು ಜಾಗ ಇದೆ.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗಲೇ ಗೆಳತಿ ಎದ್ದು ನಿಂತು ಅವರ ಹೆಜ್ಜೆಯನ್ನು ಹಾಗೇ ಹಾಕಿ ತೋರಿಸಿದಳು. ಒಂದು ಸಲ ನೋಡಿದರೆ ಸಾಕು, ಅವಳ ಕಾಲಿಗೆ ಬಂದುಬಿಡುತ್ತಿತ್ತು. ನನಗೆ ಅಷ್ಟು ಸಲೀಸಾಗಿ ಏನೂ ಬರುತ್ತಿರಲಿಲ್ಲ. ನಾನು ಎಣಿಸಬೇಕು, ಬರೆದುಕೊಳ್ಳಬೇಕು, ಆಮೇಲೆ ಬೇರೆಯವರ ಮೇಲೆ ಜಬರ್ದಸ್ತು ಮಾಡಬೇಕು.

ಸಕಲೇಶಪುರದಲ್ಲಿ ನಡೆಯುವ ತಾಲ್ಲೂಕು ಕ್ರೀಡಾಕೂಟದ ಮೊದಲಿಗೆ ಒಂದೊಂದು ಶಾಲೆಯವರೂ ಏನಾದರೊಂದು ಪ್ರದರ್ಶನ ಕೊಡುವುದಿತ್ತು. ಪ್ರತಿ ವರ್ಷ ನಮ್ಮದು ಲೇಜಿಮ್. ಈ ಸಲ ಇದನ್ನು ಮಾಡುತ್ತೇವೆ, ಖೋ-ಖೋ ನಡೆಯುವಾಗಲೂ ಪಕ್ಕದಲ್ಲಿ ನಿಂತು ಹುರಿದುಂಬಿಸುತ್ತೇವೆ ಎಂದು ನಾನು ಪಿ.ಟಿ. ಮಾಸ್ತರ ಹಿಂದೆ ಬಿದ್ದೆ. ನಾಲ್ಕನೇ ದಿನ ಅವರಿಗೇ ಸಾಕಾಯಿತು. "ಏನಾದ್ರೂ ಮಾಡ್ಕಳಿ ಮಾರಾಯ್ತಿ, ನನ್ ತಂಡದ್ ಹುಡ್ಗೀರ ತಲೆ ಮಾತ್ರ ಕೆಡಿಸ್ಬ್ಯಾಡಿ" ಅಂದರು.

ಹನ್ನೆರಡು ಹುಡುಗಿಯರು ಸೇರಿದೆವು. ಗೊಬ್ಬರದ ಪ್ಲಾಸ್ಟಿಕ್ ಚೀಲದ ಎಳೆ ಬಿಡಿಸಿ, ಕಟ್ಟು ಕಟ್ಟಿ, ಒಬ್ಬೊಬ್ಬರಿಗೆ ಎರಡೆರಡು ಕುಚ್ಚು ಮಾಡಿದೆವು. ಗೆಳತಿಯ ತಾಯಿ ಸೊಂಟಕ್ಕೆ ಹಳದಿ ಪಟ್ಟಿ ಹೊಲಿದುಕೊಟ್ಟರು. ಅಭ್ಯಾಸಕ್ಕೆ ಜಾಗ ಅಪ್ಪ ಕೊಡಿಸಿದರು. ಮಳೆಗಾಲದಲ್ಲಿ ಎಸ್ಟೇಟಿನ ಕಾಫಿ ಸ್ಟೋರ್ ಖಾಲಿ ಇರುತ್ತದೆ, ಸಿಮೆಂಟ್ ನೆಲ, ಮೇಲೆ ಸೂರು, ಇನ್ನೇನು ಬೇಕು? ಮೂಲೆಯಲ್ಲಿ ಉಳಿದಿದ್ದ ಕಾಫಿ ಬೀಜ ಆರಿಸಿ ನಾನು ನೆಲದ ಮೇಲೆ ಹನ್ನೆರಡು ಬೀಜ ಇಟ್ಟು, ಯಾರು ಎಲ್ಲಿಂದ ಎಲ್ಲಿಗೆ ಸರಿಯಬೇಕು ಎಂದು ನೋಡುತ್ತಿದ್ದೆ. ಮೂರು ಸಾಲಿನಿಂದ ವೃತ್ತ, ವೃತ್ತದಿಂದ ಬಾಣದ ಮೊನೆ. ಒಂದು ಬೀಜ ಸರಿಸಿದರೆ ಇನ್ನೊಂದಕ್ಕೆ ಜಾಗ ಸಾಲದು. ಕೂತು ಕೂತು ಅದೂ ತಿಳಿಯಿತು. ಒಬ್ಬಳಿಗೆ ಎಂಟು ಎಣಿಕೆಯಲ್ಲಿ ಎಷ್ಟು ಹೆಜ್ಜೆ ಹಾಕಲು ಆಗುತ್ತದೆ, ತಿರುಗುವವಳ ಪಕ್ಕ ನಿಂತವಳು ಏನು ಮಾಡುತ್ತಿದ್ದರೆ ಚೆಂದ ಎಂದು ಹಾಳೆ ಹಾಳೆ ಬರೆದೆ. ಲೆಕ್ಕದ ನೋಟ್ಸಿನ ಹಿಂಭಾಗ ಪೂರ್ತಿ ಹೆಜ್ಜೆಗಳೇ. ಅಷ್ಟು ಖುಷಿಯಿಂದ ನಾನು ಶಾಲೆಯಲ್ಲಿ ಏನನ್ನೂ ಕಲಿತಿರಲಿಲ್ಲ. ಗೆಳತಿ ಮೊದಲನೇ ಸಾಲಿನ ನಡುವೆ, ಬಾಣದ ಮೊನೆಯಲ್ಲಿ. ಆ ವಿಷಯದಲ್ಲಿ ಯಾರಿಗೂ ಎರಡು ಮಾತಿರಲಿಲ್ಲ.

ಒಂದು ಸಿನಿಮಾ ಹಾಡು ಆರಿಸಿಕೊಂಡಿದ್ದೆವು. ಸ್ಟೋರಿನಲ್ಲಿ ಕರೆಂಟಿಲ್ಲ, ನಮ್ಮ ಮನೆಯ ಟೇಪ್ ರೆಕಾರ್ಡರಿಗೆ ನಾಲ್ಕು ದಪ್ಪ ಸೆಲ್ಲು ಹಾಕಿ ನುಡಿಸುತ್ತಿದ್ದೆವು. ಹೊಸ ಸೆಲ್ಲು ಕೇಳಿದರೆ ಅಮ್ಮ, "ಹಾಡ್ತಾ ಐತಲ್ಲ, ಇನ್ನೂ ಜೀವ ಐತೆ ಅದ್ರಲ್ಲಿ, ಒಲೆ ಪಕ್ಕ ಇಡು" ಅನ್ನುತ್ತಿದ್ದಳು. ಬೆಳಗಿನವರೆಗೆ ಒಲೆಯ ಕಟ್ಟೆಯ ಮೇಲೆ ಬೆಚ್ಚಗಿದ್ದ ಸೆಲ್ಲು ಮತ್ತೆ ಒಂದು ದಿನ ಹಾಡುತ್ತಿತ್ತು. ಹೀಗೆ ಒಂದೂವರೆ ತಿಂಗಳು.

ಕೊನೆಕೊನೆಗೆ ಗೆಳತಿ ತಪ್ಪತೊಡಗಿದಳು. ನಾವೆಲ್ಲ ಕೈ ಎತ್ತುವ ಮೊದಲೇ ಅವಳ ಕೈ ಮೇಲಿರುತ್ತಿತ್ತು. ನಾವು ತಿರುಗುವ ಮೊದಲೇ ಅವಳು ತಿರುಗಿ, ನಮ್ಮನ್ನು ನೋಡಿ, ತಡವರಿಸಿ ನಿಲ್ಲುತ್ತಿದ್ದಳು. ಮೊದಮೊದಲು ನಗು ಬಂತು. ಆಮೇಲೆ ನನಗೆ ರೇಗಿತು.

"ಹಾಡು ಹಿಂಗಿಲ್ಲ ಕಣೇ," ಅಂದಳು ಅವಳು. "ಅಬ್ಬಾ ಬಸ್ಸಲ್ಲಿ ದಿನಾ ಹಾಕ್ತಾರೆ. ಅಲ್ಲಿ ಇನ್ನೂ ಸ್ಪೀಡಾಗಿ ಬತ್ತದೆ."

"ಬಸ್ಸು ಓಡ್ತಿರ್ತದಲ್ಲ, ಅದ್ಕೇ ನಿಂಗೆ ಹಾಡೂ ಓಡ್ದಂಗೆ ಅನ್ಸ್ತದೆ," ಅಂದೆ ನಾನು.

ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಆವತ್ತು ಆ ಮಾತು ನನಗೆ ಬಹಳ ಬುದ್ಧಿವಂತಿಕೆಯದಾಗಿ ಕಂಡಿತ್ತು. ಉಳಿದ ಹತ್ತು ಹುಡುಗಿಯರೂ ನಕ್ಕರು, ನನ್ನ ಮಾತು ಸರಿ ಎಂದರು. ಅವಳು ಹೋಗಿ ತನ್ನ ಜಾಗದಲ್ಲಿ ನಿಂತುಕೊಂಡಳು. ಮರುದಿನ ಅವಳನ್ನು ಹಿಂದಿನ ಸಾಲಿಗೆ ಹಾಕಿದೆ. ಅಲ್ಲಿಯೂ ಅದೇ ಕತೆ. ಈಗ ಬೇಗ ಹೋಗುವುದು ಮಾತ್ರವಲ್ಲ, ಅಕ್ಕಪಕ್ಕದವರನ್ನು ನೋಡಿಕೊಂಡು ಹೆಜ್ಜೆ ಹಾಕಲು ಹೋಗಿ ತೀರಾ ತಡವೂ ಆಗುತ್ತಿತ್ತು. ಕ್ರೀಡಾಕೂಟಕ್ಕೆ ಎರಡು ದಿನ ಇರುವಾಗ ಎಲ್ಲರ ಎದುರಿಗೇ ಹೇಳಿಬಿಟ್ಟೆ.

"ನೀನು ಬ್ಯಾಡ. ಚೀಲ ನೋಡ್ಕೊಳಕೂ ಒಬ್ರು ಬೇಕಲ್ಲ, ನೀನ್ ನೋಡ್ಕೋ."

ಅವಳು ಕೈಯಲ್ಲಿದ್ದ ಕುಚ್ಚುಗಳನ್ನು ಕಿಟಕಿಯ ಮೇಲಿಟ್ಟಳು. ಜಗಳ ಆಡುತ್ತಾಳೆ ಎಂದು ನಾನು ಟೊಂಕ ಕಟ್ಟಿ ನಿಂತಿದ್ದೆ. ಅವಳು ಹತ್ತಿರ ಬಂದು ಸಣ್ಣ ದನಿಯಲ್ಲಿ, "ನಾನು ಕುಣಿಯೋದು ನೋಡಕ್ಕೆ ಅಂತ ಅಬ್ಬಾ ಆವತ್ತು ರಜ ಹಾಕವ್ರೆ. ಅವರ್ಗೆ ಏನಂತ ಹೇಳ್ಲಿ?" ಎಂದು ಕೇಳಿದಳು.

ಅವಳ ತಂದೆ ಹಬ್ಬಕ್ಕೆ ಬಿಟ್ಟರೆ ರಜ ಹಾಕುವವರಲ್ಲ. ಬೆಳಿಗ್ಗೆ ಕತ್ತಲಿರುವಾಗಲೇ ಹೋಗಿ, ಬಾಳ್ಳುಪೇಟೆ, ಕೆ. ಹೊಸಕೋಟೆ, ಆಲೂರು ಎಂದು ಇಡೀ ದಿನ ಅತ್ತಿಂದಿತ್ತ ತಿರುಗಿ, ಅವಳು ಊಟ ಮಾಡುವ ಹೊತ್ತಿಗೆ ಮನೆಗೆ ಬರುವವರು. ಶಾಲೆಯಲ್ಲಿ ಮಗಳು ಏನು ಮಾಡುತ್ತಾಳೆ ಎಂದು ಒಂದು ದಿನವೂ ನೋಡಿದವರಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, "ಮುಂದಿನ್ ವರ್ಷ ಅಂತ ಹೇಳು" ಅಂದೆ. ಮುಂದಿನ ವರ್ಷ ಎಂಬುದೇ ಇರಲಿಲ್ಲ, ನಾವಿಬ್ಬರೂ ಹತ್ತನೇ ಕ್ಲಾಸು.

ಕ್ರೀಡಾಕೂಟದ ದಿನ ಬೆಳಿಗ್ಗೆ ಸಕಲೇಶಪುರದಲ್ಲಿ ಮಳೆ ಬಿಟ್ಟು ಹೊಳವಾಗಿತ್ತು. ಅವಳ ತಂದೆ ಖಾಕಿ ಬಿಟ್ಟು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಮೈದಾನದಲ್ಲಿ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದರು. ಅವಳು ಅವರಿಗೆ ಏನೂ ಹೇಳಿರಲಿಲ್ಲ. ನಾವು ಹನ್ನೊಂದು ಜನ ಸಾಲು ನಿಂತಾಗ ಅವರು ಕತ್ತು ಉದ್ದ ಮಾಡಿ ಒಬ್ಬೊಬ್ಬರ ಮುಖವನ್ನೂ ಹುಡುಕುವುದು ನನಗೆ ಕಾಣಿಸುತ್ತಿತ್ತು. ಗೆಳತಿ ಮೈಕ್ ಸೆಟ್ಟಿನ ಪಕ್ಕದಲ್ಲಿ ನಮ್ಮೆಲ್ಲರ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಕ್ಯಾಸೆಟ್ಟನ್ನು ಮೈಕ್ ಸೆಟ್ಟಿನವನಿಗೆ ಕೊಟ್ಟಾಗಿತ್ತು. ಅಲ್ಲಿ ಕರೆಂಟಿತ್ತು.

ಹಾಡು ಶುರುವಾಯಿತು. ಶುರುವಾಯಿತು ಅನ್ನುವುದಕ್ಕಿಂತ ನಮ್ಮನ್ನು ಬಿಟ್ಟು ಓಡಿತು ಅನ್ನಬೇಕು. ನಾವು ಕಲಿತ ಹಾಡೇ ಅದಲ್ಲ ಎಂಬಂತೆ ಗಾಯಕಿಯ ದನಿ ಸಣ್ಣಗೆ, ಚುರುಕಾಗಿ ಹೋಗುತ್ತಿತ್ತು. ನಾವು ಮೊದಲನೇ ಎಂಟು ಎಣಿಸುವಾಗ ಅವಳು ಎರಡನೇ ಎಂಟಿನ ನಡುವೆ ಇದ್ದಳು. ಒಬ್ಬಳು ಹಿಡಿಯಲು ಹೋಗಿ ಮುಂದೆ ಓಡಿದಳು, ಇನ್ನೊಬ್ಬಳು ಕಲಿತದ್ದನ್ನೇ ಹಿಡಿದು ನಿಧಾನಕ್ಕೆ ತಿರುಗಿದಳು, ಇಬ್ಬರೂ ಢಿಕ್ಕಿ ಹೊಡೆದುಕೊಂಡರು. ಬೇರೆ ಶಾಲೆಯ ಹುಡುಗರು ಸಿಳ್ಳೆ ಹಾಕಿದರು. ನಾನು ನಿಂತಲ್ಲೇ ನಿಂತುಬಿಟ್ಟೆ.

ಆಗ ಗೆಳತಿ ಕಂಡಳು. ಹೆಗಲ ತುಂಬ ಚೀಲ, ಆದರೆ ಅವಳ ಬೆರಳುಗಳು ತಮ್ಮ ಪಾಡಿಗೆ ತಾವು ಲಂಗದ ಮೇಲೆ ನಮ್ಮ ಹೆಜ್ಜೆಗಳನ್ನು ಹಾಕುತ್ತಿದ್ದವು. ಹಾಡಿಗೆ ಒಂದು ಕೂದಲಿನಷ್ಟೂ ಹೆಚ್ಚುಕಮ್ಮಿ ಇಲ್ಲ. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ಅವಳು ಬೆರಳು ನಿಲ್ಲಿಸಿದಳು. ನಿಲ್ಲಿಸಬೇಡ ಎಂದು ನಾನು ತಲೆ ಅಲ್ಲಾಡಿಸಿದೆ, ಬೇಡಿಕೊಂಡೆ ಎಂದೇ ಹೇಳಬೇಕು. ಅವಳು ಚೀಲಗಳನ್ನು ಜಾರಿಸಿ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದಳು. ನಾನು ಅವಳನ್ನು ನೋಡಿ ಮಾಡಿದೆ, ನನ್ನನ್ನು ನೋಡಿ ಉಳಿದವರು ಮಾಡಿದರು. ಉಳಿದರ್ಧ ಹಾಡು ಹೇಗೋ ದಡ ಸೇರಿತು.

ಮುಗಿದ ಮೇಲೆ ನಾನು ಅಳುತ್ತ ಅವಳ ಹತ್ತಿರ ಹೋದಾಗ ಅವಳ ತಂದೆ ಅಲ್ಲಿಗೆ ಬಂದಿದ್ದರು. ಅವರ ಮುಖ ಅರಳಿತ್ತು. ನಮ್ಮ ಕುಣಿತ ಕೆಟ್ಟದ್ದು ಅವರಿಗೆ ತಿಳಿದೇ ಇರಲಿಲ್ಲವೋ, ತಿಳಿದರೂ ಬೇಕಿರಲಿಲ್ಲವೋ.

"ಎಲ್ರೂ ನಿನ್ನೇ ನೋಡ್ಕಂಡು ಕುಣೀತಿದ್ರು. ಇವ್ರಿಗೆಲ್ಲ ಕಲ್ಸಿದ್ದು ನೀನಾ?" ಎಂದು ಮಗಳನ್ನು ಕೇಳಿದರು.

ಹೌದು ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಹಂಬಲಿಸಿದೆ. ಅವಳು, "ಇಲ್ಲ ಅಬ್ಬಾ. ಎಲ್ಲ ಇವಳೇ ಮಾಡಿದ್ದು. ನಾನು ಚೀಲ ನೋಡ್ಕಂತಿದ್ದೆ" ಅಂದಳು.

"ನಾನೇ ಇವಳನ್ನ ತೆಗೆದ್ಬುಟ್ಟೆ ಮಾಮ," ಅಂದೆ. "ಇವಳು ಸರಿಯಾಗೇ ಮಾಡ್ತಿದ್ಲು. ಹಾಡು ಇನ್ನೂ ಸ್ಪೀಡೈತೆ ಅಂತಲೂ ಹೇಳಿದ್ಲು. ನಾನೇ ಕೇಳ್ಲಿಲ್ಲ."

ಅವರು ಟೇಪು ಎಲ್ಲಿ ಹಾಕುತ್ತಿದ್ದಿರಿ, ಸೆಲ್ಲಾ ಕರೆಂಟಾ, ಎಷ್ಟು ದಿನದ ಸೆಲ್ಲು ಎಂದೆಲ್ಲ ವಿಚಾರಿಸಿದರು. ಒಂದೂವರೆ ತಿಂಗಳು ಅಂದಾಗ ಜೋರಾಗಿ ನಕ್ಕರು. "ಸೆಲ್ಲು ಇಳಿದ್ರೆ ಹಾಡೂ ನಿಧಾನಾಯ್ತದೆ ಕಣಮ್ಮ. ದಿನಾ ಒಂಚೂರು ಇಳಿದ್ರೆ ಯಾರ್ಗೆ ಗೊತ್ತಾಯ್ತದೆ? ಇದ್ಕೆ ಯಾರಾದ್ರೂ ಅಳ್ತಾರಾ?" ಅಂದರು. ಆಮೇಲೆ ನಗು ನಿಲ್ಲಿಸಿ ಮಗಳ ಕಡೆ ತಿರುಗಿ, "ನಿಂಗೆ ಗೊತ್ತಿತ್ತಲ್ಲ, ಮತ್ಯಾಕೆ ಸುಮ್ಕಾದೆ?" ಎಂದು ಕೇಳಿದರು.

"ಅಷ್ಟು ಜನಾನೂ ಒಂದೇ ಹೇಳ್ತಿದ್ರು ಅಬ್ಬಾ. ನನ್ ಕಿವಿ ಮೇಲೆ ನಂಗೇ ಅನುಮಾನ ಬಂದ್ಬುಡ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತನ್ನು ಇವತ್ತಿಗೂ ತಡೆದುಕೊಳ್ಳಲು ನನಗೆ ಆಗಿಲ್ಲ. ಅವಳ ಜಾಗ ಕಿತ್ತುಕೊಂಡದ್ದು ಹಾಗಿರಲಿ, ಅವಳಿಗೆ ಹುಟ್ಟಿನಿಂದಲೇ ಬಂದಿದ್ದ ಒಂದನ್ನು ಅವಳೇ ನಂಬದ ಹಾಗೆ ಮಾಡಿದ್ದೆ. ನಾನು ತಪ್ಪಾಯ್ತು ಅಂದೆ. ಅವಳು ಆಯ್ತು ಬಿಡು ಅಂದಳು. ಇಬ್ಬರಿಗೂ ಅದು ಸಾಲಲಿಲ್ಲ ಎಂದು ಗೊತ್ತಿತ್ತು.

ಮಧ್ಯಾಹ್ನ ಖೋ-ಖೋ. ಪಿ.ಟಿ. ಮಾಸ್ತರು ಬೆಳಗಿನಿಂದ ನನ್ನ ಮುಖ ನೋಡಿರಲಿಲ್ಲ. ನಮ್ಮವರು ಮೊದಲ ಸರದಿಯಲ್ಲೇ ಬಹಳ ಹಿಂದೆ ಬಿದ್ದಿದ್ದರು, ಎದುರಿನ ಶಾಲೆಯವರ ಕೂಗಾಟಕ್ಕೆ ಇನ್ನಷ್ಟು ಕುಗ್ಗಿದ್ದರು. ನಾವು ಹನ್ನೊಂದು ಜನ ಕುಚ್ಚುಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಮುಖ ಕೆಳಗೆ ಹಾಕಿ ಕೂತಿದ್ದೆವು. ಯಾರಿಗಾಗಿ ಇಷ್ಟೆಲ್ಲ ಕಲಿತೆವೋ ಅವರು ಮುಂದೆಯೇ ಸೋಲುತ್ತಿದ್ದರು. ನಾನು ಎದ್ದು ಗೆಳತಿಯ ಹತ್ತಿರ ಹೋದೆ. ಅವಳು ಮತ್ತೆ ಚೀಲ ಹಾಕಿಕೊಂಡು ತಂದೆಯ ಪಕ್ಕ ನಿಂತಿದ್ದಳು.

"ಈಗ ಟೇಪಿಲ್ಲ. ನೀನು ಎಣಿಸು. ನೀನು ಎಷ್ಟು ಸ್ಪೀಡು ಅಂತೀಯೋ ಅಷ್ಟೇ ಸ್ಪೀಡು," ಅಂದೆ.

"ಮತ್ತೆ ತೆಗೀತೀಯಾ?"

"ಇಲ್ಲ."

ಅವಳು ನನ್ನ ಮಾತನ್ನು ನಂಬಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳು, ನಂಬದಿದ್ದರೂ ನಾನು ಏನೂ ಅನ್ನುವ ಹಾಗಿರಲಿಲ್ಲ. ಅವಳ ತಂದೆಯೇ ಅವಳ ಹೆಗಲಿನಿಂದ ಚೀಲಗಳನ್ನು ಒಂದೊಂದಾಗಿ ಬಿಡಿಸಿಕೊಂಡರು.

"ಕೊಡು ಇಲ್ಲಿ, ನಾನ್ ಹಿಡ್ಕಂತೀನಿ. ಹೋಗು ನೀನು."

ನನ್ನ ಕುಚ್ಚುಗಳನ್ನು ಅವಳಿಗೆ ಕೊಟ್ಟೆ. ಅವಳು ಗೆರೆಯ ಪಕ್ಕ ಹೋಗಿ ನಿಂತು ಒಮ್ಮೆ ಉಸಿರೆಳೆದುಕೊಂಡು ಎಣಿಸತೊಡಗಿದಳು. ನಾವು ಹನ್ನೊಂದು ಜನ ಅವಳ ಹಿಂದೆ ನಿಂತು ಅವಳ ಎಣಿಕೆಗೆ ಕೂಗಿದೆವು, ಎಗರಿದೆವು, ತಿರುಗಿದೆವು. ಖಾಲಿ ಕೈಯಲ್ಲಿ ನಾನು ಚಪ್ಪಾಳೆ ತಟ್ಟುತ್ತಿದ್ದೆ. ನಮ್ಮ ಹುಡುಗಿಯರು ಅದನ್ನು ಕೇಳಿ ತಲೆಯೆತ್ತಿದರು, ಕೊನೆಯ ಸರದಿಯಲ್ಲಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಓಡಿದರು, ಆದರೂ ಎರಡು ಪಾಯಿಂಟಿನಲ್ಲಿ ಸೋತರು. ಮೈದಾನದಲ್ಲಿ ಇದ್ದವರೆಲ್ಲ ಆ ಓಟವನ್ನೇ ಉಸಿರು ಹಿಡಿದು ನೋಡುತ್ತಿದ್ದರು. ಪ್ರತಿ ಎಂಟನೇ ಎಣಿಕೆಗೆ ನಾವು ಹಿಂದಕ್ಕೆ ತಿರುಗಬೇಕಿತ್ತು, ತಿರುಗಿದಾಗಲೆಲ್ಲ ನನಗೆ ಹನ್ನೊಂದು ಚೀಲ ಹೊತ್ತು ಮುದುರಿದ ಬಿಳಿ ಶರ್ಟಿನಲ್ಲಿ ನಿಂತ ಅವಳ ತಂದೆ ಕಾಣಿಸುತ್ತಿದ್ದರು. ಅವರೊಬ್ಬರು ಆಟದ ಕಡೆ ಒಂದು ಸಲವೂ ನೋಡಲಿಲ್ಲ.