ಇಲ್ಲದ ಶಾಟಿಗೆ ಕೊಟ್ಟ ಅಂಕ

ಮೂರು ವರ್ಷದ ಹಿಂದಿನ ಡಿಸೆಂಬರ್. ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಹೊನ್ನಾಳಿಯ ಸಭಾಭವನವೊಂದರಲ್ಲಿ ಇದ್ದವರು ಮೂವರೇ: ಜಗಳೂರಿನ ರಂಗನಟಿ ಶಾರದಮ್ಮ, ನ್ಯಾಮತಿಯ ಛಾಯಾಗ್ರಾಹಕ ಸಿದ್ದೇಶ ಮತ್ತು ಚನ್ನಗಿರಿಯಿಂದ ಮೊದಲ ಬಸ್ಸಿಗೆ ಹೋಗಿದ್ದ ನಾನು. ಏಷ್ಯಾ ದೇಶಗಳ ಕಿರುಚಿತ್ರಗಳ ಅಂತರರಾಷ್ಟ್ರೀಯ ಸ್ಪರ್ಧೆಯೊಂದಕ್ಕೆ ನಾವು ತೀರ್ಪುಗಾರರು. ಕೊನೆಯ ಸುತ್ತಿನ ಚಿತ್ರಗಳನ್ನು ನೋಡಿ ಸಂಜೆಯೊಳಗೆ ಫಲಿತಾಂಶ ಕಳುಹಿಸಬೇಕಿತ್ತು.

ಬದುಕಿನುದ್ದಕ್ಕೂ ನಾನು ಸಿನಿಮಾ ಸಂಕಲನ ಮಾಡಿದವನು. ಪರದೆಯ ಮೇಲೆ ಇದ್ದದ್ದು ಇದೆ, ಕತ್ತರಿಸಿದ್ದು ಇಲ್ಲ. ಇದಕ್ಕಿಂತ ಹೆಚ್ಚಿನದನ್ನು ನಂಬಿದವನಲ್ಲ. ಯಾರಾದರೂ ವಿಚಿತ್ರ ಅನುಭವ ಹೇಳಿದರೆ, ಪಾಪ, ನಿದ್ದೆಗೆಟ್ಟಿರಬೇಕು ಎಂದುಕೊಳ್ಳುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ಸ್ವಲ್ಪ ಸಂಕೋಚವೇ.

ನಮ್ಮ ಸಮಿತಿಗೆ ನಾನು ಒಂದು ನಿಯಮ ಹಾಕಿದ್ದೆ. ಚಿತ್ರ ಮುಗಿದ ಮೇಲೆ ಪರಸ್ಪರ ಮಾತಾಡಬಾರದು. ಒಬ್ಬೊಬ್ಬರಾಗಿ ಹಿಂದಿನ ಕೋಣೆಗೆ ಬಂದು ನನಗೆ ಅಂಕ ಹೇಳಬೇಕು. ಆ ಅಂಕಕ್ಕೆ ಕಾರಣವಾದ ಒಂದು ಶಾಟನ್ನೂ ಹೇಳಬೇಕು.

"ಟೀ ಕುಡಿಯಾಕೂ ನಿಮ್ಮ ಅಪ್ಪಣೆ ಬೇಕೇನ್ರೀ ರಾಯರೇ?" ಎಂದು ಶಾರದಮ್ಮ ಕೆಣಕಿದರು. "ನಮ್ಮ ನಾಟಕ ಕಂಪನಿ ಮಾಲೀಕರೇ ವಾಸಿ, ಬಾಯಿ ಆಡಿಸಾಕಾದ್ರೂ ಬಿಡ್ತಿದ್ರು."

ಮಧ್ಯಾಹ್ನ ಕೊನೆಯದಾಗಿ ನೋಡಿದ್ದು ನೇಪಾಳದ ಯುವತಿಯೊಬ್ಬಳ ಮೊದಲ ಚಿತ್ರ. ಪಟ್ಟಣದಿಂದ ಬಂದ ಮಗಳು ಕಂಬಳಿ ನೇಯುವ ತಾಯಿಯ ಜೊತೆ ಒಂದು ದಿನ ಇದ್ದು ಹೊರಡುತ್ತಾಳೆ, ಅಷ್ಟೇ ಕಥೆ. ಕೊನೆಗೆ ತಾಯಿ ಬಾಗಿಲಿಗೆ ಬಂದು, ಶಾಲಿನ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ನಾನು ಅಂಕ ಇಟ್ಟದ್ದು ಆ ಶಾಟಿಗೇ.

ಸಿದ್ದೇಶ ಒಳಗೆ ಬಂದ. "ಬಾಗ್ಲಲ್ಲಿ ನಿಂತು ನಗ್ತಾಳಲ್ಲ ಸಾರ್, ಅದು. ಎಡಗಡೆ ಬೆಳಕು ಹೆಂಗೆ ಬಿದ್ದೈತೆ ನೋಡ್ರಿ."

ಅವನು ಹೋದ ಮೇಲೆ ಶಾರದಮ್ಮ ಬಂದರು. "ಆ ನಗು ರಾಯರೇ. ಮಗಳಿಗೆ ಅಳು ಕಾಣಬಾರ್ದು ಅಂತ ಶಾಲು ಅಡ್ಡ ಹಿಡಿದಾಳೆ."

ಮೂವರದೂ ಒಂದೇ ಶಾಟ್. ಮೊದಲ ಬಹುಮಾನ ಆ ನೇಪಾಳದ ಯುವತಿಗೇ ಸರಿ. ತೀರ್ಮಾನಕ್ಕೆ ಮುಂಚೆ ಇನ್ನೊಮ್ಮೆ ನೋಡುವುದು ನನ್ನ ರೂಢಿ, ನೋಡಿದೆವು. ತಾಯಿ ಒಳಗೆ ಹೋದಳು, ಕೂಡಲೇ ಖಾಲಿ ರಸ್ತೆ. ಬಾಗಿಲೂ ಇಲ್ಲ, ನಗುವೂ ಇಲ್ಲ. ಹಿಂದಕ್ಕೆ ಹೋಗಿ ಮತ್ತೆ ನೋಡಿದೆವು. ಇಡೀ ಚಿತ್ರದಲ್ಲಿ ಆಕೆ ಶಾಲನ್ನೇ ಹೊದ್ದಿರಲಿಲ್ಲ. ಬೇರೆ ಪ್ರತಿ ಬಂದಿದೆಯೇ ಎಂದು ಸಿದ್ದೇಶ ಹುಡುಕಿದ. ಬಂದಿದ್ದುದು ಅದೊಂದೇ.

ಸಂಘಟಕರನ್ನು ಕೇಳಿ, ನಿರ್ದೇಶಕಿಗೆ ವಿಡಿಯೊ ಕರೆ ಮಾಡಿದೆ. ಬಾಗಿಲು, ಶಾಲು, ನಗು, ನಾವು ಕಂಡದ್ದನ್ನೆಲ್ಲ ಹಿಂದಿಯಲ್ಲಿ ಹೇಳಿದೆ. ನಟಿಸಿದ್ದು ಅವಳ ಹೆತ್ತ ತಾಯಿ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ ತೀರಿಕೊಂಡಿದ್ದರು. ಆ ಶಾಟನ್ನು ನೋಡಲಾಗದೆ ಇವಳೇ ತೆಗೆದುಹಾಕಿದ್ದಳು. ಆಮೇಲೆ ಡಿಸ್ಕ್ ಕೆಟ್ಟು ಅದು ಅಳಿಸಿಯೇ ಹೋಗಿತ್ತು.

"ಶಾಲಿನ ಬಣ್ಣ ಯಾವುದು?" ಎಂದು ಹಿಂದಿಯಲ್ಲೇ ಕೇಳಿದಳು.

"ಇಟ್ಟಿಗೆ ಬಣ್ಣ," ಎಂದ ಸಿದ್ದೇಶ. ಅವಳು ಕಣ್ಣು ಮುಚ್ಚಿ ತಲೆಯಾಡಿಸಿದಳು.

ಪರದೆಯ ಮೇಲಿಲ್ಲದ್ದಕ್ಕೆ ಅಂಕ ಕೊಡಲಾಗದು, ಮೊದಲ ಬಹುಮಾನ ತಪ್ಪುತ್ತದೆ ಎಂದು ನಾನು ನೇರವಾಗಿ ಹೇಳಿದೆ. ಬಹುಮಾನ ಇರಲಿ, ಅಮ್ಮ ಹೇಗೆ ನಕ್ಕಳು ಹೇಳಿ, ನನಗೀಗ ಸರಿಯಾಗಿ ನೆನಪಾಗುತ್ತಿಲ್ಲ ಎಂದಳು.

ಶಾರದಮ್ಮ ಎದ್ದು ಸಭಾಭವನದ ಬಾಗಿಲಿಗೆ ಹೋದರು, ಸೆರಗಿನ ಅಂಚು ಬಾಯಿಗೆ ಹಿಡಿದರು, ನಕ್ಕರು. ಸಿದ್ದೇಶ ಫೋನನ್ನು ಅತ್ತ ತಿರುಗಿಸಿದ. ಆ ಕಡೆಯಿಂದ ಒಂದೇ ಒಂದು ಶಬ್ದ ಕೇಳಿತು. "ಆಮಾ." ಅದು ಅಮ್ಮ ಎಂದು ನನಗೆ ಅರ್ಥವಾಗಲು ಭಾಷೆ ಬೇಕಾಗಲಿಲ್ಲ.

ಮೂವರಿಗೂ ಒಟ್ಟಿಗೆ ಭ್ರಮೆಯಾಯಿತು ಎಂದವರಿದ್ದಾರೆ. ಇರಬಹುದು. ಆದರೆ ಆ ಬಣ್ಣ ನಮಗೆ ಎಲ್ಲಿಂದ ಬಂತು? ಆ ತಾಯಿ ತನ್ನನ್ನು ನಮಗೆ ತೋರಿಸಿಕೊಂಡದ್ದಕ್ಕೆ ನಾನು ಋಣಿ, ಅಷ್ಟೇ ಹೇಳಬಲ್ಲೆ.

"ಆ ಅಂಕ ಕಳೀರಿ ರಾಯರೇ, ಕಳೀರಿ," ಎಂದರು ಅಂದು ಕರೆ ಮುಗಿದ ಮೇಲೆ ಶಾರದಮ್ಮ ಕಣ್ಣೊರೆಸಿಕೊಳ್ಳುತ್ತಾ. "ನಿಮ್ಮ ನಿಯಮಕ್ಕೆ ಊನ ಆಗಬಾರ್ದು."

ಆ ಶಾಟಿಗೆ ಕೊಟ್ಟಿದ್ದ ಅಂಕವನ್ನು ಮೂವರ ಲೆಕ್ಕದಿಂದಲೂ ಕಳೆದು, ಅವಳ ಚಿತ್ರವನ್ನು ಎರಡನೆಯ ಸ್ಥಾನಕ್ಕೆ ಇಳಿಸಿ, ಕತ್ತಲಾಗುವ ಮುಂಚೆ ಫಲಿತಾಂಶ ಕಳುಹಿಸಿದೆ.